ಬಯೋಸ್‌ನಲ್ಲಿ ಆ ಆಯ್ಕೆ ಇತ್ತು

ರೇಣುಕಾ ಮೇಡಂ, ಆ ಕಂಪ್ಯೂಟರುಗಳಲ್ಲಿ ವರ್ಚುವಲೈಸೇಶನ್, ಅಂದರೆ ಒಂದರೊಳಗೆ ಇನ್ನೊಂದನ್ನು ನಡೆಸುವ ಸೌಲಭ್ಯ, ಇತ್ತು. ಇಲ್ಲವೆಂದು ನಾನು ನಿಮಗೆ ಸುಳ್ಳು ಹೇಳಿದೆ.

ನಮ್ಮ ಹುಬ್ಬಳ್ಳಿ ಕಾಲೇಜಿನ ಲ್ಯಾಬ್ ಆಗ ನನ್ನ ಕೈಯಲ್ಲಿತ್ತು. ನೀವು ಬಂದದ್ದು ಒಂದು ವರ್ಷದ ಕರಾರಿನ ಮೇಲೆ. ಲಿನಕ್ಸ್ ಕಂಪ್ಯೂಟರಿನೊಳಗೇ ಪ್ರತಿ ವಿದ್ಯಾರ್ಥಿಗೂ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್ ನಡೆಸಿಕೊಡುವುದು, ಅವರು ಹೆದರಿಕೆಯಿಲ್ಲದೆ ಅದನ್ನು ಕೆಡಿಸಿ, ಮತ್ತೆ ಕಟ್ಟಿ ಕಲಿಯುವುದು — ನಿಮ್ಮದು ಎಷ್ಟು ಚಂದದ ಯೋಚನೆ! ನನಗದು ಹೊಳೆದಿರಲಿಲ್ಲ. ವಿದ್ಯಾರ್ಥಿಗಳು ಸಂಶಯ ಕೇಳಲು ನನ್ನ ಮೇಜು ದಾಟಿ ನಿಮ್ಮ ಬಳಿ ಹೋಗತೊಡಗಿದ್ದರು. ಅದು ಚುಚ್ಚುತ್ತಿತ್ತು.

ಪ್ರಯೋಗದ ದಿನ ಒಳಗಿನ ಕಂಪ್ಯೂಟರ್ ಶುರುವಾಗಲೇ ಇಲ್ಲ. ಪರದೆಯ ಮೇಲಿನ ಸಂದೇಶ ಓದಿ ನೀವು ನನ್ನ ಕಡೆ ತಿರುಗಿದಿರಿ. "ಸರ್, ಪ್ರೊಸೆಸರ್ ಛಲೋನ ಐತ್ರಿ. ವರ್ಚುವಲೈಸೇಶನ್ ಬಯೋಸ್‌ನ್ಯಾಗ ಬಂದ್ ಐತಿ ಅಂತ ತೋರಸಾಕತ್ತೈತಿ. ಪಾಸ್‌ವರ್ಡ್ ನಿಮ್ಮ ಕಡೆ ಐತಲ್ಲ, ಒಮ್ಮೆ ತಗದು ನೋಡ್ತೀರೇನ್ರಿ?"

ಕಂಪ್ಯೂಟರ್ ಶುರುವಾಗುವ ಮೊದಲೇ ತೆರೆಯುವ ಆ ಬಯೋಸ್ ಸೆಟ್ಟಿಂಗಿನ ಪರದೆ ನೋಡಿದೆ — ಒಬ್ಬನೇ, ನೀವು ತರಗತಿಗೆ ಹೋದಾಗ. ಆಯ್ಕೆ ಅಲ್ಲೇ ಇತ್ತು, ಬಂದ್ ಆಗಿತ್ತು. ಒಂದು ಕೀಲಿ ಒತ್ತಿದ್ದರೆ... ಒತ್ತಲಿಲ್ಲ.

"ಇಲ್ರಿ ಮೇಡಂ, ಈ ಮಷೀನ್‌ನ್ಯಾಗ ಆ ಆಯ್ಕೆನ ಇಲ್ಲ," ಎಂದೆ.

ನೀವು ನಂಬಿದಿರಿ. ಅದಿಲ್ಲದೆಯೇ ನಡೆಸಲು ನೋಡಿದಿರಿ, ಎಲ್ಲವೂ ತೆವಳಿತು. ವಿಭಾಗದ ಮುಖ್ಯಸ್ಥರು ಎಲ್ಲರೆದುರು, "ಮೊದಲ ಮಷೀನ್ ನೋಡಲಾರದ ಮಾತು ಕೊಡಬಾರದ್ರಿ," ಎಂದರು. ನೀವು ತಲೆ ತಗ್ಗಿಸಿದಿರಿ. ನಾನು — ಮೌಸಿನ ವೈರು ಸರಿಪಡಿಸುತ್ತ ನಿಂತಿದ್ದೆ. ಆ ಪಾಠ ರದ್ದಾಯಿತು. ವರ್ಷದ ಕೊನೆಗೆ ನಿಮ್ಮ ಕರಾರು ಮುಂದುವರಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಳೆದ ವಾರ, ನೀವೇ ಫೋನ್ ಮಾಡಿದಿರಿ. ಧಾರವಾಡದ ನಿಮ್ಮ ತರಬೇತಿ ಕೇಂದ್ರದಲ್ಲಿ ಅದೇ ತೊಂದರೆ. ಬಯೋಸ್‌ನಲ್ಲಿ ಚಾಲೂ ಮಾಡಿದರೂ ಲಿನಕ್ಸ್ ಒಪ್ಪುತ್ತಿಲ್ಲ. "ಬರೇ ರೀಸ್ಟಾರ್ಟ್ ಸಾಲೂದಿಲ್ರಿ. ಪೂರಾ ಬಂದ್ ಮಾಡಿ, ಪ್ಲಗ್ ತಗದು, ಮತ್ತ ಚಾಲೂ ಮಾಡ್ರಿ," ಎಂದೆ. ಸರಿಹೋಯಿತು. ನೀವು ಖುಷಿಯಿಂದ ನಕ್ಕಿರಿ. ಆಮೇಲೆ ಮೆಲ್ಲಗೆ ಕೇಳಿದಿರಿ: "ಸರ್, ನಮ್ಮ ಆ ಲ್ಯಾಬಿನ ಮಷೀನ್‌ದಾಗೂ ಇದು ಎಲ್ಲೆರೆ ಇತ್ತೇನ್ರಿ?"

"ನೆನಪಿಲ್ರಿ," ಎಂದೆ.

ನೆನಪಿತ್ತು. ಆ ನೀಲಿ ಪರದೆ, ಆ ಸಾಲು, ಕೀಲಿಯ ಮೇಲಿಟ್ಟು ಹಿಂದೆ ತೆಗೆದ ನನ್ನ ಬೆರಳು — ಎಲ್ಲವೂ. ಅಸೂಯೆ ಎಂದರೆ ನನ್ನ ತಪ್ಪಿಗೊಂದು ಹೆಸರು ಸಿಗುತ್ತದೆ, ಅಷ್ಟೇ. ನಿಮಗೆ ಆ ಕೆಲಸ ಮರಳಿ ಸಿಗುವುದಿಲ್ಲ. ನಾಳೆ ಅಂದಿನ ಮುಖ್ಯಸ್ಥರಿಗೂ, ಅಂದು ಅಲ್ಲಿದ್ದ ಸಹೋದ್ಯೋಗಿಗಳಿಗೂ ಇದನ್ನೇ ಹೇಳಲಿದ್ದೇನೆ. ಅದಕ್ಕೂ ಮೊದಲು ನಿಮಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿಯೇ ಹೇಳಬೇಕಿತ್ತು — ನೀವು ಇನ್ನೂ ನನ್ನನ್ನು ನಂಬಿ ಕೇಳುತ್ತಿದ್ದಾಗ.