ಬೇವಿನ ಸಾಲಿಯ ನೀರು

ಮಹಾರಾಷ್ಟ್ರದ ಗಡಿಯೂರು ನಿಲಂಗಾದಲ್ಲಿ ನಮ್ಮ ಎರಡು ಹೈಸ್ಕೂಲುಗಳ ಮಾತು ಬಂದರೆ ಬೋರ್ಡಿನ ಮೇಲಿನ ಹೆಸರು ಯಾರೂ ಹೇಳುವುದಿಲ್ಲ. ಒಂದು ಬೇವಿನ ಸಾಲಿ, ಇನ್ನೊಂದು ಗೇಟಿನ ಸಾಲಿ. ಬೇವಿನ ಸಾಲಿ ಸರಕಾರದ್ದು. ನಿಜಾಮನ ಕಾಲದ ಕಲ್ಲಿನ ಕಟ್ಟಡ, ಅಂಗಳದಲ್ಲಿ ಮುದಿ ಬೇವಿನ ಮರ, ಹಿಂದೆ ಒಂದು ಬಾವಿ. ಗೇಟಿನ ಸಾಲಿಯನ್ನು ಊರಿನ ವ್ಯಾಪಾರಿಗಳು ಸೇರಿ ಸಂಸ್ಥೆ ಮಾಡಿ ಕಟ್ಟಿಸಿದರು. ಕಟ್ಟಡಕ್ಕಿಂತ ಮೊದಲು ಅವರು ಕಟ್ಟಿಸಿದ್ದು ಗೇಟು. ಅದರ ಎತ್ತರ ನೋಡಿದರೆ ಒಳಗೆ ಆನೆ ಸಾಕಿದ್ದಾರೇನೋ ಅನ್ನಬೇಕು.

ನಾನು ಅಂಬಾದಾಸ, ಗೇಟಿನ ಸಾಲಿಯಲ್ಲಿ ಇತಿಹಾಸ ಕಲಿಸುವವನು. ಅಲ್ಲಿಯ ಅನ್ನ ಉಣ್ಣುತ್ತೇನೆ, ಹಾಗಂತ ಅಲ್ಲಿಯ ಹಾಡನ್ನೇ ಹಾಡಬೇಕೆಂದೇನೂ ಇಲ್ಲ. ನಮ್ಮಲ್ಲಿ ಮಕ್ಕಳಿಗೆ ಟೈ, ಬೂಟು. ಮಾಸ್ತರನಿಗೆ 'ಸರ್' ಅನ್ನಬೇಕು. ಹತ್ತನೇ ವರ್ಗದ ರಿಸಲ್ಟ್ ಬಂದ ದಿನ ಚೌಕದಲ್ಲಿ ಮಕ್ಕಳ ಫೋಟೊ ಹಾಕಿದ ಫ್ಲೆಕ್ಸ್ ಏರುತ್ತದೆ. ಬೇವಿನ ಸಾಲಿಯಲ್ಲಿ ಇನ್ನೂ 'ಗುರೂಜಿ' ಅನ್ನುತ್ತಾರೆ. ಅಲ್ಲಿಯ ಹುಡುಗರು ಕಬಡ್ಡಿಯಲ್ಲಿ ಉದಗೀರದವರನ್ನು ಮಣ್ಣು ಮುಕ್ಕಿಸಿ ಬಂದರೂ ಅದಕ್ಕೆ ಫ್ಲೆಕ್ಸ್ ಇಲ್ಲ. ಒಂದಾನೊಂದು ಕಾಲದಲ್ಲಿ ಶಿರೂರ ಅನಂತಪಾಳದ ಗೌಡರ ಮಕ್ಕಳು ಕೂಡ ಈ ಸಾಲಿಗೆ ಸೇರಲು ವಶೀಲಿ ಹಚ್ಚುತ್ತಿದ್ದರಂತೆ. ಈಗ ಮಗ ಅಭ್ಯಾಸ ಮಾಡದಿದ್ದರೆ ತಾಯಂದಿರು, 'ಬೇವಿನ ಸಾಲಿಗೆ ಹಾಕ್ತೀನಿ ನೋಡು' ಎಂದು ಹೆದರಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ.

ಆ ಬೇವಿನ ಸಾಲಿಯ ಗಣಿತದ ಮಾಸ್ತರರು ವೈಜನಾಥ ಗುರೂಜಿ. ನಮ್ಮ ಮನೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಹೆಂಡತಿ ಪ್ರಯಾಗಬಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಿಗ್ಗೆ ಕೊರಳಿನ ಲಿಂಗ ಕೈಗೆ ತೆಗೆದು ಪೂಜೆ ಮಾಡಿ, ತಾವೇ ರೊಟ್ಟಿ ಬಡಿದುಕೊಂಡು, ಅರಿವೆಯಲ್ಲಿ ಸುತ್ತಿಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್. ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಅದು ಬಿಟ್ಟರೆ ಆ ಕೋಣೆಯಿಂದ ಇನ್ನೊಂದು ಸದ್ದು ಬಂದದ್ದು ನನಗೆ ನೆನಪಿಲ್ಲ. ರಜೆಯ ದಿನಗಳಲ್ಲಿ ಅವರು ಏನು ಮಾಡಬೇಕೆಂದು ತಿಳಿಯದೆ ಅಂಗಿ ತೊಟ್ಟು ಹೊಸ್ತಿಲ ಮೇಲೆ ಕೂತಿರುತ್ತಿದ್ದರು.

ಅವರು ಕಲಿತದ್ದೂ ಅದೇ ಸಾಲಿಯಲ್ಲಿ. ಅವರಿಗೊಂದು ಪದ್ಧತಿ ಇತ್ತು. ಯಾವ ಮದುವೆಯಲ್ಲಿ, ಯಾವ ಸಭೆಯಲ್ಲಿ ಮರ್ಯಾದೆಗೆಂದು ಟೆಂಗಿನಕಾಯಿ ಕೊಟ್ಟರೂ ಮನೆಗೆ ಒಯ್ಯುತ್ತಿರಲಿಲ್ಲ. ಮರುದಿನ ಸಾಲಿಯ ಬಾವಿಕಟ್ಟೆಯ ಮೇಲೆ ಒಡೆದು, ಚೂರು ಮಾಡಿ, ಎಂಟನೇ ವರ್ಗದಲ್ಲಿ ತಾವೇ ಹಂಚುತ್ತಿದ್ದರು. ಹೈಸ್ಕೂಲಿಗೆ ಹೊಸದಾಗಿ ಬಂದ ಮಕ್ಕಳು, ಬಾಯಿ ಸಿಹಿ ಆಗಲಿ ಅನ್ನುವುದು ಅವರ ಲೆಕ್ಕ.

ಅವರು ಕಲಿಸುವ ರೀತಿಯೂ ಅವರದೇ. ಸಾಲಿ ಮರಾಠಿಯದು. ಆದರೆ ಮಾರ್ಕೆಟ್ಟಿನ ಮತ್ತು ಸುತ್ತಲಿನ ಹಳ್ಳಿಗಳ ಎಷ್ಟೋ ಮಕ್ಕಳ ಮನೆಮಾತು ಕನ್ನಡ. ಗುರೂಜಿ ಲೆಕ್ಕವನ್ನು ಮೊದಲು ಮರಾಠಿಯಲ್ಲಿ ಹೇಳಿ, ಮಕ್ಕಳ ಮುಖ ನೋಡಿ, ಮತ್ತೆ ಕನ್ನಡದಲ್ಲಿ ಬಿಡಿಸುತ್ತಿದ್ದರು. ನಮ್ಮ ಗೇಟಿನ ಸಾಲಿಯಲ್ಲಿ ಕನ್ನಡ ಬಾಯಿಗೆ ಬಂದರೆ ಹುಡುಗರೇ ಕಿಸಕ್ಕನೆ ನಗುತ್ತಾರೆ.

ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ ಅದು. ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. ಬೇಸಿಗೆ ಬರುವ ಮೊದಲೇ ಶಿಕ್ಷಣ ಖಾತೆಯ ಸಾಹೇಬರು ಬಂದು ಬೇವಿನ ಸಾಲಿಯ ಖಾಲಿ ಬೆಂಚುಗಳನ್ನು ನೋಡಿ ಹೇಳಿಹೋದರು: ಜೂನಿನಲ್ಲಿ ಎಂಟನೇ ವರ್ಗಕ್ಕೆ ಹೊಸ ಮಕ್ಕಳು ಬರದಿದ್ದರೆ ಆ ವರ್ಗ ಮುಚ್ಚುತ್ತೇವೆ, ಉಳಿದೆರಡು ಮುಗಿದ ಮೇಲೆ ಸಾಲಿಗೇ ಬೀಗ. ಆ ಸಂಜೆ ಗುರೂಜಿ ನಮ್ಮ ಕಟ್ಟೆಗೆ ಬಂದು ಕೂತರು.

"ಮನಿ ಮನಿಗೆ ಹೋಗಿ ಕೇಳ್ರಿ ಗುರೂಜಿ, ಊರಾಗ ಅರ್ಧ ಮಂದಿ ನಿಮ್ಮ ಕೈಯಾಗೇ ಕಲ್ತಾರ" ಅಂದೆ.

"ಹೋಗೀನಪಾ ಅಂಬಾದಾಸ, ವರ್ಷಾ ಹೋಗ್ತೀನಿ. ಕಾಲಿಗಿ ಬೀಳ್ತಾರ, ಚಾ ಕೊಡ್ತಾರ. ಹುಡುಗುರ್ನ ಕೊಡಂಗಿಲ್ಲ."

ಅಷ್ಟರಲ್ಲಿ ಊರಿನ ನಳ ನಿಂತವು. ಬೋರುಗಳು ಬತ್ತಿದವು. ಗೇಟಿನ ಸಾಲಿಯ ಹಸಿರು ಹುಲ್ಲುಹಾಸು ಕಸಬರಿಗೆಯ ಬಣ್ಣಕ್ಕೆ ತಿರುಗಿತು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಯಾರಿಗೋ ಬೇವಿನ ಸಾಲಿಯ ಬಾವಿ ನೆನಪಾಯಿತು. ತಳದಲ್ಲಿ ಸೆಲೆ ಸಣ್ಣಗೆ ಜಿನುಗುತ್ತಲೇ ಇತ್ತು. ಎರಡು ದಿನದಲ್ಲಿ ಅರ್ಧ ಊರಿನ ಕೊಡಗಳು ಅಲ್ಲಿ ಸಾಲುಗಟ್ಟಿದವು. ಅಡತಿ ಅಂಗಡಿಯ ದೊಡ್ಡ ಮನೆಯ ಸೊಸೆಯಂದಿರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಗೇಟಿನ ಸಾಲಿಗೆ ಕುಡಿಯುವ ನೀರೂ ಅಲ್ಲಿಂದಲೇ ಕ್ಯಾನಿನಲ್ಲಿ ಬರತೊಡಗಿತು.

ಬಾವಿಗೆ ಹೋಗಲು ಹಿಂದಿನಿಂದ ಒಂದು ಸಣ್ಣ ಬಾಗಿಲಿದೆ, ಅದೇ ಹತ್ತಿರದ ದಾರಿ. ಗುರೂಜಿ ಅದಕ್ಕೆ ಬೀಗ ಜಡಿದು, ಕೀಲಿ ಕಳೆದಿದೆ ಎಂದರು. ಹೆಂಗಸರು ಮುಂದಿನ ಬಾಗಿಲಿನಿಂದ ಬಂದು, ಎಂಟನೇ ವರ್ಗದ ಪಡಸಾಲೆಯ ಉದ್ದಕ್ಕೂ ಸಾಲು ನಿಂತು, ಆಮೇಲೆ ಬಾವಿಗೆ ಹೋಗಬೇಕು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಕೀಲಿ ಅವರ ಅಂಗಿಯ ಜೇಬಿನಲ್ಲೇ ಗಿಲಿಗಿಲಿ ಅನ್ನುತ್ತಿತ್ತು.

"ಏನ್ರೀ ಇದು ಗುರೂಜಿ?" ಎಂದು ಕೇಳಿದೆ.

"ಬೇವಿನ ಸಾಲಿ ಅಂದ್ರ ಹ್ಯಾಂಗದ ಅಂತ ಒಮ್ಮ್ಯರ ಒಳಗ ಬಂದು ನೋಡ್ಲಿ" ಅಂದರು. "ನೀರು ಕುಡದ ಮನಿ ನಮ್ಮ ಮಂದಿ ಮರಿಯಂಗಿಲ್ಲ."

ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜೀವ. ಆ ದಿನಗಳಲ್ಲಿ ಅವರ ದನಿ ಏರಿತು, ಬೋರ್ಡಿನ ಮೇಲಿನ ಅಕ್ಷರ ದೊಡ್ಡದಾಯಿತು. ಕಿಟಕಿಗಳನ್ನೆಲ್ಲ ತೆರೆದಿಟ್ಟು ಕಲಿಸಿದರು. ನಮ್ಮ ಸಾಲಿಗೆ ರಜೆ ಬಿಟ್ಟ ಮೇಲೆ ನಾನೂ ಕ್ಯಾನು ಹಿಡಿದು ಆ ಸಾಲಿನಲ್ಲಿ ನಿಂತವನು. ಬರಗಾಲ ಎಂದು ಸರಕಾರ ರಜೆಯಲ್ಲೂ ಬೇವಿನ ಸಾಲಿಯಲ್ಲಿ ಮಕ್ಕಳ ಊಟ ಮುಂದುವರಿಸಿತ್ತು. ಊಟದ ನೆವದಲ್ಲಿ ಗುರೂಜಿ ಪಾಠವನ್ನೂ ಮುಂದುವರಿಸಿದ್ದರು.

ಒಂದು ದಿನ ಬೋರ್ಡಿನ ಮೇಲೆ ನೀರಿನ ಟಾಕಿಯ ಲೆಕ್ಕ. "ಒಂದು ನಳ ಮೂರು ತಾಸಿನ್ಯಾಗ ಟಾಕಿ ತುಂಬತದ, ಇನ್ನೊಂದು ನಳ ಆರು ತಾಸಿನ್ಯಾಗ. ಎರಡೂ ಕೂಡೇ ಬಿಟ್ರ ಎಷ್ಟು ತಾಸು?"

ಪಡಸಾಲೆಯಿಂದ ಮಲಕಮ್ಮ ಎಂಬ ಮುದುಕಿ ಕೂಗಿದಳು: "ಮೊದಲ ನಳಕ್ಕ ನೀರರ ಬರ್ಲಿ ರೀ ಗುರೂಜಿ!" ಸಾಲೆಲ್ಲ ನಕ್ಕಿತು. ಮಕ್ಕಳೂ ನಕ್ಕರು. ಗುರೂಜಿಯೂ ನಕ್ಕರು; ಅವರ ಹಲ್ಲನ್ನು ನಾನು ನೋಡಿದ್ದು ಆವತ್ತೇ ಇರಬೇಕು.

ನಗು ಅಡಗಿದ ಮೇಲೆ ಕಿಟಕಿಯ ಬಳಿಯಿಂದ ಮೆಲ್ಲಗೆ ಒಂದು ದನಿ ಬಂತು. "ಎರಡು ತಾಸು ಆಗ್ತದೇನ್ರೀ?"

ಅದು ಉಮಾಬಾಯಿ. ನಮ್ಮ ಸಂಸ್ಥೆಯ ಅಧ್ಯಕ್ಷ ಬಸವಣ್ಣೆಪ್ಪನವರ ಸೊಸೆ. ಆಳಂದದ ಕಡೆ ಒಂದು ಹಳ್ಳಿಯಲ್ಲಿ ಕನ್ನಡ ಓದಿ, ಓದು ಅರ್ಧಕ್ಕೆ ನಿಂತು ಮದುವೆಯಾಗಿ ಬಂದವಳು. ನಮ್ಮ ಸಾಲಿಯ ಪಾಲಕರ ಸಭೆಗೆ ಬಂದಾಗ ತನ್ನ ಮರಾಠಿಗೆ ಯಾರು ನಗುತ್ತಾರೋ ಎಂದು ತಲೆ ತಗ್ಗಿಸಿ ಕೂಡುವವಳು.

"ಹ್ಯಾಂಗ ತಂಗಿ, ಹೇಳು" ಅಂದರು ಗುರೂಜಿ.

"ಎರಡು ತಾಸಿನ್ಯಾಗ ಮೊದಲ್ನೇ ನಳ ಮೂರರಾಗ ಎರಡು ಪಾಲು ತುಂಬತದ್ರಿ. ಉಳಿದ ಒಂದು ಪಾಲು ಇನ್ನೊಂದು ನಳ ತುಂಬತದ."

ಗುರೂಜಿ ಸೀಮೆಸುಣ್ಣ ಕೆಳಗಿಟ್ಟು, "ಶಾಬಾಸ್" ಅಂದರು. ಉಮಾಬಾಯಿಯ ಮುಖ ಕೆಂಪಾಯಿತು. ಆ ದಿನದಿಂದ ಆಕೆ ತನ್ನ ಕೊಡ ತುಂಬಿದ ಮೇಲೂ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಲ್ಲತೊಡಗಿದಳು. ಒಮ್ಮೆ ನನ್ನ ಎದುರೇ ಹೇಳಿದಳು: "ನನ್ನ ಮಗಳು ಏಳ್ನೇತ್ತಾ ವರ್ಗ ಮುಗಿಸ್ಯಾಳ್ರಿ. ನಿಮ್ಮ ಕೈಯಾಗ ಕಲೀಲಿ ಅಂತ ನನ್ನ ಮನಸ್ಸದ. ಮನ್ಯಾಗ ಕೇಳ್ತೀನ್ರಿ ಗುರೂಜಿ."

ಕೇಳುತ್ತೇನೆ ಅಂದಳು, ಅಷ್ಟೇ. ಗುರೂಜಿ ಅದನ್ನು ಮಾತು ಕೊಟ್ಟಂತೆ ತಿಳಿದರು. ಅಧ್ಯಕ್ಷರ ಮೊಮ್ಮಗಳೇ ಬೇವಿನ ಸಾಲಿಗೆ ಬಂದರೆ ಉಳಿದವರು ತಾವಾಗಿ ಬರುತ್ತಾರೆ ಎಂದು ಲೆಕ್ಕ ಹಾಕಿದರು. ತಾವೇ ಬೆಂಚು ತೊಳೆದರು. ಕಿಟಕಿಗೆ ಬಣ್ಣ ಬಳಿದರು. ಗೋಡೆಯಾಚೆ ಅವರು ಗುನುಗುವುದು ಕೂಡ ಒಂದೆರಡು ಸಲ ಕೇಳಿತು. ಹುಚ್ಚು ಮನುಷ್ಯ ಎಂದು ಬೈದುಕೊಂಡೆ. ಆದರೆ ಒಳಗೊಳಗೆ, ಆಗಲಿ ದೇವರೇ ಅಂದದ್ದೂ ನಿಜ.

ಜೂನಿನಲ್ಲಿ ಮಳೆ ಬಂತು. ಊರೆಲ್ಲ ಕುಣಿಯಿತು. ನಳ ಬಂದವು, ಸಾಲು ಕರಗಿತು, ಪಡಸಾಲೆ ಖಾಲಿಯಾಯಿತು. ಸಾಲಿ ಸುರುವಾದ ದಿನ ಗುರೂಜಿ ಬಾಗಿಲಿಗೆ ಮಾವಿನ ಎಲೆಯ ತೋರಣ ಕಟ್ಟಿ, ಮೇಜು ಹಾಕಿಕೊಂಡು ಕೂತರು. ನಾನು ನಮ್ಮ ಸಾಲಿಗೆ ಹೋಗುವಾಗ ಕೂತಿದ್ದರು, ಬರುವಾಗಲೂ ಕೂತಿದ್ದರು. ತೋರಣ ಬಾಡಿ ಸುರುಳಿಯಾಗುವವರೆಗೂ ದಿನಾ ಹಾಗೇ ಕೂತರು. ಉಮಾಬಾಯಿ ಒಂದು ಸಂಜೆ ಬಂದು ಬೇವಿನ ಮರದ ಕೆಳಗೇ ನಿಂತಳು, ಒಳಗೆ ಬರಲಿಲ್ಲ.

"ಮಾವನವರು ಒಪ್ಪಲಿಲ್ರೀ ಗುರೂಜಿ" ಅಂದಳು. ಅಷ್ಟು ಹೇಳಿ ತಿರುಗಿ ಹೋದಳು.

ಬಸವಣ್ಣೆಪ್ಪನವರು ಕೆಟ್ಟವರಲ್ಲ. ಗುರೂಜಿಯ ಜೊತೆ ಅದೇ ಬೇವಿನ ಸಾಲಿಯ ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ಸಂಸ್ಥೆಯ ಅಧ್ಯಕ್ಷನ ಮೊಮ್ಮಗಳು ಅಲ್ಲಿಗೆ ಹೋದರೆ ಮಂದಿ ಏನಂದಾರು ಅನ್ನುವುದಷ್ಟೇ ಅವರ ಚಿಂತೆ. ಆದರೆ ಕುಡಿದ ನೀರಿನ ಋಣವೂ ಅವರನ್ನು ಚುಚ್ಚುತ್ತಿತ್ತು. ನಮ್ಮ ಊರಲ್ಲಿ ಋಣ ಹರಿಯಲು ಒಂದು ಸುಲಭ ದಾರಿಯಿದೆ: ಸತ್ಕಾರ. ಶಾಲು ಹೊದಿಸು, ಟೆಂಗು ಕೊಡು, ತಲೆಗೆ ರುಮಾಲು ಸುತ್ತು, ಕೈ ತೊಳೆದುಕೋ. ಆಗಸ್ಟ್ ಹದಿನೈದಕ್ಕೆ ಊರಿಗೆ ನೀರು ಕೊಟ್ಟ ವೈಜನಾಥ ಗುರೂಜಿಯ ಸತ್ಕಾರ ಎಂದು ಸಾರಿದರು. ಎಲ್ಲಿ? ಗೇಟಿನ ಸಾಲಿಯ ಹೊಸ ಸಭಾಭವನದಲ್ಲಿ! ಚೌಕದಲ್ಲಿ ಗುರೂಜಿಯ ಫೋಟೊದ ಫ್ಲೆಕ್ಸ್ ಕೂಡ ಏರಿತು. ನನಗೆ ಮೈ ಉರಿಯಿತು.

ಅಷ್ಟು ಹೊತ್ತಿಗೆ ಎಂಟನೇ ವರ್ಗ ಮುಚ್ಚಿದ ಹುಕುಂ ಬಂದಾಗಿತ್ತು. ಗುರೂಜಿಗೆ ಉಮರ್ಗಾ ಕಡೆಯ ಒಂದು ಹಳ್ಳಿಗೆ ಬದಲಿ.

ಸಭೆ ತುಂಬಿತ್ತು. ಮುಂದೆ ಟೈ ಕಟ್ಟಿದ ಮಕ್ಕಳು, ಹಿಂದೆ ಗಂಡಸರು, ಒಂದು ಮಗ್ಗುಲಿಗೆ ಬಾವಿಯ ಸಾಲಿನಲ್ಲಿ ನಿಂತಿದ್ದ ಅದೇ ಹೆಂಗಸರು. ಬಸವಣ್ಣೆಪ್ಪನವರು ಶಾಲು ಹೊದಿಸಿ, ಟೆಂಗು ಕೊಟ್ಟು, ಕಣ್ಣಲ್ಲಿ ನೀರು ತಂದು, "ವೈಜನಾಥಾ, ನಿನ್ನ ಉಪಕಾರ ಊರು ಮರಿಯಂಗಿಲ್ಲ. ಎರಡು ಮಾತು ಆಡು" ಎಂದರು.

ಗುರೂಜಿ ಮೈಕಿನ ಮುಂದೆ ನಿಂತರು. "ಎಂಟ್ನೇತ್ತಾದ ಮಕ್ಕಳು ಎದ್ದು ನಿಂದರ್ರಿ" ಅಂದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಉಮಾಬಾಯಿಯ ಮಗಳೂ ಎದ್ದಳು. ಗುರೂಜಿ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮುಖ ನೋಡುತ್ತ ಹೋದರು, ಹಾಜರಿ ಹಿಡಿಯುವಾಗ ನೋಡುವಂತೆ. ಹೆಂಗಸರ ಕಡೆ ಉಮಾಬಾಯಿ ಮುಖಕ್ಕೆ ಸೆರಗು ಹಿಡಿದಳು.

"ಕೂಡ್ರಿ" ಎಂದರು ಗುರೂಜಿ. ಅಷ್ಟೇ ಅವರ ಭಾಷಣ. ಎಂಥ ನಿಗರ್ವಿ ಎಂದು ಊರು ಚಪ್ಪಾಳೆ ತಟ್ಟಿತು.

ಮನೆಗೆ ನಾವಿಬ್ಬರೇ ನಡೆದು ಬಂದೆವು. ಬೇವಿನ ಸಾಲಿಯ ಮುಂದೆ ಬಂದಾಗ ಗುರೂಜಿಯ ಕಾಲು ರೂಢಿಯಂತೆ ಒಳಗೆ ತಿರುಗಿ, ಅಲ್ಲೇ ನಿಂತಿತು. ಆಮೇಲೆ ಶಾಲಿನ ಒಳಗಿಂದ ಟೆಂಗು ತೆಗೆದು ನನ್ನ ಕೈಗಿಟ್ಟರು.

"ಇದು ನಿನ್ನ ಹತ್ರ ಇರ್ಲಿ ಅಂಬಾದಾಸ. ನಾಳಿಗಿ ನಿಮ್ಮ ಸಾಲ್ಯಾಗ ಒಡದು, ಎಂಟ್ನೇತ್ತಾದ ಮಕ್ಕಳಿಗಿ ಹಂಚು. ಎಲ್ಲಾರಿಗೀ ಬರಬೇಕ ನೋಡು, ಸಣ್ಣ ಸಣ್ಣ ಚೂರು ಮಾಡು."

ಗೇಟಿನ ಸಾಲಿಯಲ್ಲಿ ಹೊರಗಿನ ತಿನಿಸು ವರ್ಗದೊಳಗೆ ಒಯ್ಯುವಂತಿಲ್ಲ. ಗೋಡೆಯ ಮೇಲೆ ಹಾಗೆ ಬರೆದೇ ಇದೆ. ನಾನು ಅದನ್ನು ಗುರೂಜಿಗೆ ಹೇಳಲಿಲ್ಲ. ಆಗಲಿ ರೀ ಎಂದು ಕಾಯಿ ತೆಗೆದುಕೊಂಡೆ.