ಅಂಜಿನಮ್ಮ ಸಮೀಕರಣ ಕಲಿತದ್ದು

ಮತ್ತಿಕೆರೆಯ ಪ್ರೈಮರಿ ಶಾಲೆಯಲ್ಲಿ ಅಂಜಿನಮ್ಮ ಮದುವೆಗೆ ಮುಂಚಿನಿಂದಲೂ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಳು. ಅವಳು ಓದಿದ್ದು ಲೋಯರ್ ಸೆಕೆಂಡರಿ ಮಾತ್ರ. ಐವತ್ತೆಂಟನೇ ಇಸವಿಯಲ್ಲಿ ಬಂದ ಹೊಸ ಇನ್‌ಸ್ಪೆಕ್ಟರು, ಎಸ್‌ಎಸ್‌ಎಲ್‌ಸಿ ಆಗದಿದ್ದರೆ ಕೆಲಸ ಉಳಿಯುವುದು ಕಷ್ಟ ಎಂದು ಹೇಳಿ ಹೋದರು. ಗಂಡ ಚಿಕ್ಕಹನುಮಯ್ಯ ಯಶವಂತಪುರ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದವನು, ಸೊಂಟ ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಅವಳ ಕೆಲಸವೂ ಹೋದರೆ ಒಲೆ ಉರಿಯುವಂತಿರಲಿಲ್ಲ. ಆ ವರ್ಷವೇ ಖಾಸಗಿಯಾಗಿ ಪರೀಕ್ಷೆಗೆ ಕೂತಳು. ವಿಜ್ಞಾನದಲ್ಲಿ ಡುಮ್ಕಿ. ಮರುವರ್ಷವೂ ಅದರಲ್ಲೇ ಹೋಯಿತು.

ಬೇರೆಯದನ್ನೆಲ್ಲ ಹೇಗೋ ಬಾಯಿಪಾಠ ಮಾಡುತ್ತಿದ್ದಳು. ರಾಸಾಯನಿಕ ಸಮೀಕರಣ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಯಾರೋ ಹೇಳಿದರೆಂದು, ಯಶವಂತಪುರದಲ್ಲಿದ್ದ ನಿವೃತ್ತ ಮೇಷ್ಟರು ಸೇತುರಾಮಯ್ಯಂಗಾರರ ಮನೆಗೆ ಹೋಗತೊಡಗಿದಳು. ಬೆಳಿಗ್ಗೆ ಹಸುವಿಗೆ ಹುಲ್ಲು, ಆಮೇಲೆ ಶಾಲೆ, ಶಾಲೆ ಬಿಟ್ಟಮೇಲೆ ಆ ದಾರಿ. ಜಗಲಿಯ ಮೇಲೆ ಕೂತ ಕೂಡಲೇ ಅವಳ ಕಣ್ಣು ಎಳೆಯುತ್ತಿತ್ತು. ಮೇಷ್ಟರಿಗೂ ಆಯಾಸವೇ. ಜೀವನವೆಲ್ಲ ಇದೇ ಪಾಠ ಹೇಳಿ ಅವರಿಗೆ ಧ್ವನಿ ಬಿದ್ದುಹೋಗಿತ್ತು.

ಒಂದು ದಿನ ಅವರು ನೀರಿನ ಸಮೀಕರಣ ಕೊಟ್ಟರು. ಎಡಗಡೆ ಜಲಜನಕದ ಎರಡು ಪರಮಾಣು, ಆಮ್ಲಜನಕದ ಎರಡು. ಬಲಗಡೆ ನೀರು, ಅದರಲ್ಲಿ ಆಮ್ಲಜನಕ ಒಂದೇ. ಅಂಜಿನಮ್ಮ ಯೋಚನೆ ಮಾಡಿ, ನೀರಿನ ಆಮ್ಲಜನಕದ ಕಾಲಡಿಗೆ ಸಣ್ಣದೊಂದು ಎರಡು ಬರೆದಳು.

"ಎಲ್ಡೂ ಕಡೆ ಲೆಕ್ಕ ಸರಿಓಯ್ತಲ್ಲ ಮೇಷ್ಟ್ರೇ."

"ಲೆಕ್ಕ ಸರಿಹೋಯ್ತು ಕಣಮ್ಮ, ನೀರು ಹೋಯ್ತು. ಎಷ್ಟು ಸಲ ಹೇಳ್ಲಿ ನಿನಗೆ?"

ಅವಳು ತಲೆ ತಗ್ಗಿಸಿದಳು. ಅಳು ಬರಲಿಲ್ಲ, ಅಳುವಷ್ಟು ತ್ರಾಣವೂ ಇರಲಿಲ್ಲ. "ಇನ್ ಮೇಲೆ ಬರಾಕಿಲ್ಲ ಮೇಷ್ಟ್ರೇ. ನನ್ ತಲೆಗೆ ಇದು ಅತ್ತಲ್ಲ," ಎಂದು ಎದ್ದಳು.

ಆಗ ಅವಳ ಬೆರಳಿಗೆ ಸುತ್ತಿದ ಬಟ್ಟೆ ಮೇಷ್ಟರ ಕಣ್ಣಿಗೆ ಬಿತ್ತು. "ಅದೇನಾಯ್ತು?"

"ಕುಡುಗೋಲು ತಾಗ್ತು, ಬೆಳಿಗ್ಗೆ."

ಮೇಷ್ಟರು ಒಳಗೆ ಕೂಗಿ, ಗಾಯ ತೊಳೆಯುವ ಔಷಧಿಯ ಸೀಸೆಯನ್ನು ಹೆಂಡತಿ ಅಲಮೇಲು ಕೈಯಿಂದ ತರಿಸಿದರು. ಬಟ್ಟೆ ಬಿಚ್ಚಿಸಿ ಎರಡು ತೊಟ್ಟು ಹಾಕಿದರು. ಗಾಯದ ಮೇಲೆ ಬುಸಬುಸನೆ ಬಿಳಿ ನೊರೆ ಎದ್ದಿತು. ಅಂಜಿನಮ್ಮ ಕೈ ಎಳೆದುಕೊಂಡಳು.

"ನೀನೀಗ ಬರೆದೆಯಲ್ಲ, ಅದೇ ಇದು. ಪೆರಾಕ್ಸೈಡು. ಇದನ್ನ ಕುಡೀತೀಯಾ?"

"ಅಯ್ಯಪ್ಪಾ, ಇಲ್ಲ."

"ಕಾಲಡಿಯ ಅಂಕಿ ಮುಟ್ಟಿದ್ರೆ ಪದಾರ್ಥವೇ ಬೇರೆ ಆಗ್ಹೋಗತ್ತೆ. ನೀರು ನೀರಾಗೇ ಇರ್ಲಿ. ಬೇಕಾದ್ರೆ ಇನ್ನೊಂದು ನೀರು ತಗೋ."

ಅವಳು ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ಕೂತು ಸಣ್ಣ ಅಂಕಿಯನ್ನು ಅಳಿಸಿ, ನೀರಿನ ಮುಂದೆ ದೊಡ್ಡದಾಗಿ ಎರಡು ಬರೆದಳು. ಆಮ್ಲಜನಕ ಸರಿಯಾಯಿತು. ಈಗ ಜಲಜನಕ ಬಲಗಡೆ ನಾಲ್ಕಾಗಿತ್ತು. ಕೇಳದೆಯೇ ಎಡಗಡೆ ಜಲಜನಕದ ಮುಂದೂ ಎರಡು ಬರೆದಳು.

"ಸರಿನಾ ಮೇಷ್ಟ್ರೇ?"

"ಸರಿ," ಎಂದು ಮೇಷ್ಟರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಆ ವರ್ಷ ವಿಜ್ಞಾನದಲ್ಲಿ ಪಾಸಾದಳು. ಆದರೆ ಈ ಸಲ ಇಂಗ್ಲಿಷು ಕೈಕೊಟ್ಟಿತು. ನಗುವುದೋ ಅಳುವುದೋ ತಿಳಿಯದೆ ಮತ್ತೆ ಪರೀಕ್ಷೆಗೆ ಕೂತಳು. ಕೊನೆಗೆ ಎಲ್ಲವೂ ಮುಗಿದಾಗ ಅರವತ್ತೊಂದನೇ ಇಸವಿ. ಕೆಲಸ ಉಳಿಯಿತು.

ಫಲಿತಾಂಶ ನೋಡಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಬಂದಳು. "ಆಯ್ತಾ?" ಎಂದ ಚಿಕ್ಕಹನುಮಯ್ಯ.

"ಆಯ್ತು."

"ಇನ್ನೇನೂ ಓದೋದಿಲ್ವಾ?"

"ಇಲ್ಲ," ಎಂದವಳೇ ಚಾಪೆ ಹಾಸಿ ಮಲಗಿಬಿಟ್ಟಳು. ಮದುವೆಯಾಗಿ ಬಂದಮೇಲೆ ಅವಳು ಹಗಲು ಮಲಗಿದ್ದು ಅದೇ ಮೊದಲು. ಅತ್ತೆ ಬೈರಮ್ಮ ಬಾಗಿಲಲ್ಲಿ ಇಣುಕಿ ನೋಡಿದಳು. ಹಿಟ್ಟಿಗೆ ಎಸರಿಡಲು ತಾನೇ ಒಲೆಯ ಕಡೆ ಹೋದಳು.