ಕಾಲುವೆ ದಂಡೆಯ ಕೂಸಿನ ಮನೆ

ನನ್ನ ತಮ್ಮ ಹೋದಾಗ ಅವನಿಗಿನ್ನೂ ಮಾತು ಪೂರ್ತಿ ಬಂದಿರಲಿಲ್ಲ. ಅವ್ವ ಹತ್ತಿ ಬಿಡಿಸುವ ಕೂಲಿಗೆ ಹೋಗಿದ್ದಳು. ಜಾಲಿ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಅವನನ್ನು ಮಲಗಿಸಿದ್ದಳು. ಸಾಲು ಮುಗಿಸಿ ತಿರುಗಿ ಬರುವಷ್ಟರಲ್ಲಿ ಜೋಳಿಗೆ ಬರಿದಾಗಿತ್ತು. ಅಂದು ಹೊಲದ ಬದಿಯ ಕಾಲುವೆಯಲ್ಲಿ ತುಂಬು ನೀರು. ನಾನು ಶಾಲೆಯಿಂದ ಬಂದಾಗ ಓಣಿಯ ಜನವೆಲ್ಲ ನಮ್ಮ ಅಂಗಳದಲ್ಲಿ ನಿಂತಿತ್ತು. ಯಾರೂ ನನ್ನ ಮುಖ ನೋಡಲಿಲ್ಲ.

ನಮ್ಮದು ಸುರಪುರದ ಕಡೆಯ ಒಂದು ಸಣ್ಣ ಊರಿನ ಬೇಡರ ಓಣಿ. ನಾನು ಓದಿ, ಕಲಬುರಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತ, ನಮ್ಮಂಥ ಓಣಿಗಳ ಮಕ್ಕಳು ಒಂದನೇ ಇಯತ್ತೆಗೆ ಬರುವ ಮುಂಚೆಯೇ ಆಟದಲ್ಲಿ, ಅಜ್ಜಿಯರ ಮಾತಿನಲ್ಲಿ ಏನೆಲ್ಲ ಕಲಿತಿರುತ್ತಾರೆ ಎಂಬುದರ ಮೇಲೆ ಪಿಎಚ್‌ಡಿ ಮಾಡಿದೆ. ಅದಕ್ಕಾಗಿ ಗೋಗಿ, ವಡಗೇರಾ, ಗುರುಮಠಕಲ್ ಎಂದು ಅಂಗನವಾಡಿಗಳನ್ನು ಸುತ್ತಿದೆ. ಹೋದಲ್ಲೆಲ್ಲ ಮಕ್ಕಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಒಂದು ಕೂಸು ಕಣ್ಣಿಗೆ ಬೀಳದಿದ್ದರೆ ಮಾತು ಅರ್ಧಕ್ಕೇ ಬಿಟ್ಟು ಹುಡುಕಲು ಏಳುತ್ತಿದ್ದೆ.

ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ನಾನು ರಜೆಗೆ ಊರಿಗೆ ಬಂದಿದ್ದಾಗ ಓಣಿಯ ಹಿರಿಯರು ಮನೆಗೆ ಬಂದರು.

"ಸೀಟು ನಮ್ಮ ಹೆಣ್ಮಕ್ಕಳಿಗೆ ಬಂದೈತಿ. ನೀ ನಿಲ್ಲವ್ವ," ಅಂದರು.

ನಾನು ಹಿಂದೆ ಮುಂದೆ ನೋಡಿದೆ. ಒಲೆ ಮುಂದಿದ್ದ ಅವ್ವ ಕೇಳಿದಳು: "ಗೆದ್ರ ಕೂಸುಗೋಳಿಗೆ ಒಂದು ಮನಿ ಮಾಡ್ತಿ?"

ತಮ್ಮನ ಸುದ್ದಿಗೆ ಅಷ್ಟು ಹತ್ತಿರದ ಮಾತನ್ನು ಅವಳು ಆಡಿದ್ದು ಅದೇ ಮೊದಲು. ನಾನು ಕೆಲಸ ಬಿಟ್ಟು ನಿಂತೆ. ಗೆದ್ದೆ, ಅಧ್ಯಕ್ಷೆಯೂ ಆದೆ.

ಮೊದಲ ಸಭೆಯಲ್ಲೇ, ಕೂಲಿಗೆ ಹೋಗುವವರ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳಲು ಕೂಸಿನ ಮನೆ ಬೇಕೆಂದೆ. ಹಿರಿಯ ಸದಸ್ಯರೊಬ್ಬರು, "ಜಾಗ ಎಲ್ಲೈತ್ರಿ ಮೇಡಂ? ಕೆನಾಲ್ ಬಾಜೂಕ ಹಳೇ ಕ್ವಾರ್ಟರ್ಸ್ ಒಂದು ಖಾಲಿ ಬಿದ್ದೈತಿ, ನೋಡ್ರಿ," ಅಂದರು.

ಅದು ತಮ್ಮ ಹೋದ ಅದೇ ಕಾಲುವೆ. ಬೇರೆ ಜಾಗ ಹುಡುಕಿದೆ. ಆದರೆ ಹೊಲಗಳೆಲ್ಲ ಇದ್ದದ್ದು ಆ ಕಡೆಗೇ. "ದೂರ ಮಾಡಿದ್ರ ಯಾರೂ ಕೂಸು ತಂದು ಬಿಡಂಗಿಲ್ಲಕ್ಕ," ಅಂದರು ಕೂಲಿ ಹೆಂಗಸರು. ಕೊನೆಗೆ ಒಪ್ಪಿದೆ, ಸುತ್ತ ಎತ್ತರದ ಗೋಡೆ, ಕಬ್ಬಿಣದ ಗೇಟು ಆದಮೇಲೆಯೇ ಮಕ್ಕಳನ್ನು ತರಬೇಕೆಂಬ ಕರಾರಿನ ಮೇಲೆ. ಗೋಡೆ ಏಳುವಾಗ ದಿನವೂ ಹೋಗಿ ನಿಲ್ಲುತ್ತಿದ್ದೆ. ನೀರಿನ ಸದ್ದಿನೊಳಗೆ ಪುಟ್ಟ ಹೆಜ್ಜೆಗಳ ಸಪ್ಪಳ ಕೇಳಿದಂತಾಗಿ ತಿರುಗಿ ನೋಡುತ್ತಿದ್ದೆ. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಕೂಸಿನ ಮನೆಯ ಬಾಗಿಲು ತೆರೆದ ದಿನ ಅವ್ವ ಬರಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ಸಂಜೆ ತಾನಾಗಿ ಬಂದು ಅಂಗಳದಲ್ಲಿ ನಿಂತಳು. ನಾನು ಕರೆಯುವ ಮೊದಲೇ ಅವಳ ಬಾಯಿಂದ ಮಾತು ಹೊರಟಿತು.

"ತಮ್ಮಾ, ಬಾರೋ, ಹೊತ್ತಾತು."

ನಮ್ಮ ಕಡೆ ಸಣ್ಣ ಹುಡುಗರನ್ನೆಲ್ಲ ಕರೆಯುವುದು ತಮ್ಮಾ ಎಂದೇ; ಒಳಗಿದ್ದ ಗಂಡುಮಕ್ಕಳೆಲ್ಲ ತಿರುಗಿ ನೋಡಿದರು. ಒಬ್ಬ ತಟ್ಟಾಡುತ್ತ ಬಂದು ಅವಳ ಸೆರಗು ಹಿಡಿದ. ಅವ್ವ ಬಗ್ಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇವ ಅಲ್ಲ," ಎಂದು ಮೆಲ್ಲಗೆ ಅವನ ಬೆರಳು ಬಿಡಿಸಿದಳು. ಆಮೇಲೆ ಗೇಟಿನ ಹತ್ತಿರ ಹೋಗಿ ಅಗಳಿ ಮುಟ್ಟಿ ನೋಡಿದಳು. "ಇದನ್ನ ಇನ್ನಾ ಮ್ಯಾಲ ಹಾಕಸು. ಕೂಸಿನ ಕೈಗೆ ನಿಲುಕ್ತೈತಿ."

ಮರುದಿನವೇ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಮೇಲೆ ಹಾಕಿಸಿದೆ. ಈಗ ಅವ್ವ ದಿನಾ ಬರುತ್ತಾಳೆ. ಆದರೆ ಒಳಗೆ ಕಾಲಿಡುವುದಿಲ್ಲ. ಗೇಟಿನ ಹೊರಗೆ ಕಲ್ಲಿನ ಮೇಲೆ, ನೀರಿನ ಕಡೆ ಮುಖ ಮಾಡಿ ಕೂರುತ್ತಾಳೆ.